ಬಾಲವಿಲ್ಲದ ಬಲೂನು

ಜಪಾನಿನ ಪ್ರೇಮಕಥೆಗಳಿಗೆ ಜರ್ಮನ್ ಮಾತು ಕೂರಿಸುವ ಕೆಲಸ ಹುಬ್ಬಳ್ಳಿಯವಳಿಗೆ ಹೇಗೆ ಸಿಕ್ಕಿತು ಎಂದು ಕೇಳುವವರು ಇದ್ದಾರೆ. ಹಟಕ್ಕೆ ಬಿದ್ದೆ, ಸಿಕ್ಕಿತು ಎಂದು ಹೇಳಿ ಮಾತು ಮುಗಿಸುತ್ತೇನೆ. ಅದನ್ನು ಉಳಿಸಿಕೊಂಡದ್ದು ಹೇಗೆ ಎಂದು ಯಾರೂ ಕೇಳುವುದಿಲ್ಲ. ಕೇಳಿದ್ದರೆ ಇಷ್ಟು ಚುಟುಕಾಗಿ ಹೇಳಲು ಆಗುತ್ತಿರಲಿಲ್ಲ.

ಮದುವೆಗೆ ಮುಂಚೆ ನಾಲ್ಕು ವರ್ಷ ಹುಬ್ಬಳ್ಳಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಡಿಟಿಪಿ ಮಾಡುತ್ತಿದ್ದೆ. ಲಗ್ನಪತ್ರಿಕೆ, ಗೋಡೆ ಕ್ಯಾಲೆಂಡರ್, ಶಾಲೆಯ ಗೈಡುಗಳು, ಚುನಾವಣೆ ಬಂದರೆ ಕರಪತ್ರ. ಮರಾಠಿ ಮ್ಯಾಟರ್ ಬಂದರೂ ನಾನೇ, ಉರ್ದು ಬಂದರೂ ನಾನೇ. ಉರ್ದು ಒಂದಕ್ಷರ ಬರುತ್ತಿರಲಿಲ್ಲ. ಪ್ರೆಸ್ಸಿನ ಮಾಲಕರು ಮೊದಲ ದಿನವೇ ಹೇಳಿಕೊಟ್ಟಿದ್ದರು, ಮ್ಯಾಟರ್ ಓದಬೇಡ, ನೋಡು, ಓದಿದರೆ ತಿದ್ದಲು ಹೋಗುತ್ತೀ ಎಂದು. ಅವರು ಹೇಳಿದಂತೆ ನೋಡುತ್ತಿದ್ದೆ, ಕೂರಿಸುತ್ತಿದ್ದೆ. ಪ್ರೂಫಿನಲ್ಲಿ ನನ್ನ ತಪ್ಪು ಸಿಗುವುದು ಅಪರೂಪವಾಗಿತ್ತು.

ಆಮೇಲೆ ಲಗ್ನವಾಗಿ ಬರ್ಲಿನ್ನಿಗೆ ಬಂದೆ. ನನ್ನ ಗಂಡ ಎಲೆಕ್ಟ್ರಿಕ್ ಕಾರುಗಳ ಚಾರ್ಜರಿಗೆ ಸಾಫ್ಟ್‌ವೇರ್ ಬರೆಯುವ ಒಂದು ಸ್ಟಾರ್ಟಪ್ಪಿನಲ್ಲಿ ಎಂಜಿನಿಯರ್. ನೌಕರಿ ಇರುವವರೆಗೆ ಇಲ್ಲಿರಲು ಕೊಡುವ ಬ್ಲೂ ಕಾರ್ಡ್ ಇವರದು, ನನ್ನದು ಅದರ ಬೆನ್ನಿಗೆ ಬಂದ ಹೆಂಡತಿಯ ಕಾರ್ಡು. ಇವರ ಕಾರ್ಡಿನ ಮೇಲಿದ್ದ ಕೊನೆಯ ದಿನಾಂಕವೇ ನನ್ನದರ ಮೇಲೂ. ಯಾವ ಕೆಲಸ ಬೇಕಾದರೂ ಮಾಡಬಹುದು ಎಂದು ಅದರಲ್ಲಿ ಬರೆದಿತ್ತು. ಕೊಡುವವರು ಮಾತ್ರ ಯಾರೂ ಇರಲಿಲ್ಲ. ಅರ್ಜಿ ಹಾಕಿದಲ್ಲೆಲ್ಲ ತುಂಬ ಮರ್ಯಾದೆಯಿಂದ ಬೇಡ ಎಂದು ಬರೆಯುತ್ತಿದ್ದರು. ಜರ್ಮನ್ನರ ಮರ್ಯಾದೆ ಎಂದರೆ ನನಗೆ ಈಗಲೂ ಆ ಕಾಗದಗಳೇ ನೆನಪಾಗುತ್ತವೆ.

ಇವರು ಬೆಳಗ್ಗೆ ಎಂಟಕ್ಕೆ ಹೋದರೆ ನೊಯ್‌ಕೋಲ್ನಿನ ಎರಡು ಕೋಣೆಯ ಮನೆಯಲ್ಲಿ ನಾನು ಕಿಟಕಿಯಿಂದ ಒಲೆಗೆ, ಒಲೆಯಿಂದ ಕಿಟಕಿಗೆ ತಿರುಗುತ್ತಿದ್ದೆ. ಸಂಜೆ ಭಾಷೆಯ ಕ್ಲಾಸಿಗೆ ಹೋಗುತ್ತಿದ್ದೆ. ಚಿತ್ರವಿರುವ ಪುಸ್ತಕ ಓದಿ, ಬೇಗ ಬರುತ್ತದೆ ಎಂದು ಅಲ್ಲಿಯ ಟೀಚರ್ ಹೇಳಿದರು. ಮಕ್ಕಳ ಪುಸ್ತಕ ಹುಡುಕಿಕೊಂಡು ಸ್ಟೇಷನ್ನಿನ ಅಂಗಡಿಗೆ ಹೋದವಳಿಗೆ ಕಂಡದ್ದು ಬೇರೆ. ಒಂದು ಪುಸ್ತಕದ ಮುಖಪುಟದಲ್ಲಿ ಆಫೀಸಿನ ಉಡುಪು ತೊಟ್ಟ ಒಬ್ಬ ಹೆಂಗಸು, ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ಮೆಟ್ಟಿಲ ಮೇಲೆ ಒಬ್ಬಳೇ ಕೂತು ಊಟ ಮಾಡುತ್ತಿದ್ದಾಳೆ. ಕೊಂಡುಕೊಂಡೆ. ಮನೆಗೆ ಬಂದು ತೆರೆದರೆ ಮೊದಲ ಪುಟದಲ್ಲೇ ಒಂದು ಎಚ್ಚರಿಕೆ ಇತ್ತು: ನಿಲ್ಲಿ, ನೀವು ಕೊನೆಯಿಂದ ಶುರು ಮಾಡಿದ್ದೀರಿ, ಪುಸ್ತಕ ತಿರುಗಿಸಿ. ಜಪಾನಿನ ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು ಎಂದು ನನಗೆ ಗೊತ್ತಾದದ್ದು ಹಾಗೆ.

ಮಾಂಗಾ ಎಂದರೆ ಹುಡುಗರು ಹೊಡೆದಾಡುವ ಕಥೆ ಎಂದುಕೊಂಡಿದ್ದೆ. ಇದು ದೊಡ್ಡ ಹೆಂಗಸರಿಗಾಗಿ ಬರೆದದ್ದು. ಮೂವತ್ತು ದಾಟಿದವಳು, ನೌಕರಿ ಇದೆ, ಎದುರಿನ ಮೇಜಿನವನ ಮೇಲೆ ಮನಸ್ಸಿದೆ, ಆದರೆ ನಾಳೆಯ ಮೀಟಿಂಗಿಗೆ ಸಿದ್ಧವಾಗಿಲ್ಲ. ಮುತ್ತು ಕೊಟ್ಟಾದ ಮೇಲೂ ಅವಳಿಗೆ ಆ ಮೀಟಿಂಗಿನದೇ ಚಿಂತೆ. ನಮ್ಮ ಧಾರಾವಾಹಿಗಳಲ್ಲಿ ಹೆಂಗಸರು ಬ್ಯಾಗು ಹಾಕಿಕೊಂಡು ಆಫೀಸಿಗೆ ಹೊರಡುವುದು ಕಾಣಿಸುತ್ತದೆ, ಅಲ್ಲಿ ಹೋಗಿ ಏನು ಮಾಡುತ್ತಾರೆ ಎನ್ನುವುದು ಎಂದೂ ಕಾಣಿಸುವುದಿಲ್ಲ. ಇಲ್ಲಿ ಅವಳ ಮೇಜು ಕಾಣುತ್ತಿತ್ತು. ಮೇಜಿನ ಮೇಲೆ ಅವಳು ಅಂಟಿಸಿಕೊಂಡ ಹಳದಿ ಚೀಟಿಗಳೂ ಕಾಣುತ್ತಿದ್ದವು. ನನಗೆ ಹೊಟ್ಟೆಕಿಚ್ಚಾಯಿತು. ಪ್ರೀತಿಗಲ್ಲ, ಆ ಮೇಜಿಗೆ.

ಜರ್ಮನ್ ಅರ್ಧವೂ ತಿಳಿಯುತ್ತಿರಲಿಲ್ಲ, ಆದರೆ ಡಿಟಿಪಿ ಕಣ್ಣು ಸುಮ್ಮನಿರುತ್ತದೆಯೇ? ಮಾತಿನ ಬಲೂನಿನಲ್ಲಿ ಅಕ್ಷರಗಳು ಅಂಚಿಗೆ ತಾಗಿದ್ದವು. ಪದಗಳನ್ನು ಎಲ್ಲೆಲ್ಲೋ ಮುರಿದಿದ್ದರು. ಇದನ್ನು ಕೂರಿಸಿದ ಪುಣ್ಯಾತ್ಮ ಯಾರು ಎಂದು ಕೊನೆಯ ಪುಟ ನೋಡಿದರೆ, ಅನುವಾದಕರ ಹೆಸರಿನ ಕೆಳಗೆ ಅಕ್ಷರ ಜೋಡಿಸಿದವರ ಹೆಸರೂ ಇತ್ತು. ಅಂದರೆ ಇದು ಒಬ್ಬರು ಹೊಟ್ಟೆಪಾಡಿಗೆ ಮಾಡುವ ಕೆಲಸ. ಅಂದೇ ಇಂಥ ಪುಸ್ತಕ ತರುವ ಬರ್ಲಿನ್ನಿನ ಒಂದು ಸಣ್ಣ ಪ್ರಕಾಶನಕ್ಕೆ ಮೇಲ್ ಬರೆದೆ. ಅದೇ ಪುಟವನ್ನು ನಾನಾದರೆ ಹೀಗೆ ಮಾಡುತ್ತಿದ್ದೆ ಎಂದು ಮಾಡಿ ಲಗತ್ತಿಸಿದೆ. ಇಂಥ ಕೊಬ್ಬು ಎಲ್ಲಿಂದ ಬಂತೋ, ಬರೆದು ಮೂರು ದಿನ ಮೇಲ್ ತೆರೆಯಲು ಹೆದರಿದೆ.

ಅಲ್ಲಿಯ ಸಂಪಾದಕಿ ಐವತ್ತರ ಆಸುಪಾಸಿನ ಹೆಂಗಸು, ಬಿಳಿಗೂದಲನ್ನು ಹುಡುಗರಂತೆ ಕತ್ತರಿಸಿಕೊಂಡವರು. ಪರೀಕ್ಷೆಗೆಂದು ಎಂಟು ಪುಟ ಕಳಿಸಿದರು. ಮರುದಿನವೇ ಮಾಡಿ ಕಳಿಸಿದೆ. ಉತ್ತರದಲ್ಲಿ ಒಂದೇ ಪದವಿತ್ತು, ‘ಪಸ್ಟ್’. ಸರಿಯಾಗಿದೆ ಎಂದಷ್ಟೇ ಅದರ ಅರ್ಥ. ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಇವರನ್ನು ಕೇಳಿದೆ. ಇವರು ತಮ್ಮ ಆಫೀಸಿನ ಜರ್ಮನ್ನರನ್ನು ಕೇಳಿಕೊಂಡು ಬಂದು, ಇದಕ್ಕಿಂತ ದೊಡ್ಡ ಹೊಗಳಿಕೆ ಅವರ ಹತ್ತಿರ ಇಲ್ಲವಂತೆ ಎಂದರು.

ಕೆಲಸ ಹೀಗೆ. ಜಪಾನಿ ಭಾಷೆಯನ್ನು ಮೇಲಿನಿಂದ ಕೆಳಕ್ಕೆ ಬರೆಯುತ್ತಾರೆ, ಹಾಗಾಗಿ ಬಲೂನುಗಳು ಸೋರೆಕಾಯಿಯಂತೆ ಉದ್ದಕ್ಕೆ ಇರುತ್ತವೆ. ಜರ್ಮನ್ ಪದಗಳೋ ಅಡ್ಡಕ್ಕೆ ಸಾಗಿದ್ದೇ ಸಾಗಿದ್ದು. ಎಚ್.ಆರ್. ಡಿಪಾರ್ಟ್‌ಮೆಂಟ್ ಎನ್ನಲು ಜರ್ಮನ್ನರ ಹತ್ತಿರ ಇರುವುದು ‘ಪೆರ್ಸೊನಾಲ್‌ಆಪ್‌ಟೈಲುಂಗ್’. ಒಂದು ಬಲೂನಿನಲ್ಲಿ ಅದನ್ನು ಮೂರು ತುಂಡು ಮಾಡಬೇಕು, ಓದುವವಳಿಗೆ ಮುರಿದದ್ದು ಗೊತ್ತಾಗಬಾರದು. ಹೆಣ್ಣಿನ ಎತ್ತರದ ಚಪ್ಪಲಿಯ ಸದ್ದು, ಎದೆ ಹೊಡೆದುಕೊಳ್ಳುವ ಸದ್ದು, ಲಿಫ್ಟಿನ ಬಾಗಿಲ ಸದ್ದು, ಚಿತ್ರದ ಮೇಲೆ ಜಪಾನಿಯಲ್ಲಿ ಬರೆದ ಇವೆಲ್ಲವನ್ನೂ ಅಳಿಸಿ ಜರ್ಮನ್ನಿನಲ್ಲಿ ಹೊಸದಾಗಿ ಬರೆಯಬೇಕು. ಇನ್ನೊಂದು ತಾಪತ್ರಯವೆಂದರೆ, ನಮ್ಮ ಚಿತ್ರಕಥೆಗಳಲ್ಲಿ ಬಲೂನಿಗೆ ಒಂದು ಬಾಲವಿದ್ದು ಅದು ಮಾತಾಡುವವರ ಬಾಯಿಯ ಕಡೆ ತೋರಿಸುತ್ತದಲ್ಲ, ಇವುಗಳಲ್ಲಿ ಎಷ್ಟೋ ಬಲೂನುಗಳಿಗೆ ಅದು ಇರುವುದೇ ಇಲ್ಲ. ಯಾರ ಮಾತು ಯಾರದು ಎಂದು ಓದುವವರೇ ತಿಳಿದುಕೊಳ್ಳಬೇಕು. ನನಗೆ ಅದರ ಚಿಂತೆ ಇರಲಿಲ್ಲ. ಅನುವಾದಕರ ಹಸ್ತಪ್ರತಿಯಲ್ಲಿ ಒಂದು, ಎರಡು, ಮೂರು ಎಂದು ಅಂಕಿ ಹಾಕಿರುತ್ತಿದ್ದರು. ಅಂಕಿ ನೋಡಿ ಕೂರಿಸಿದರೆ ಮುಗಿಯಿತು.

ಎರಡು ವರ್ಷ ಒಂದು ತಪ್ಪೂ ಆಗಲಿಲ್ಲ. ಯಾಕೆಂದರೆ ನನಗೆ ಏನೂ ಅರ್ಥವಾಗುತ್ತಿರಲಿಲ್ಲ.

ಅಷ್ಟರಲ್ಲಿ ಜರ್ಮನ್ ಭಾಷೆಯ ಬಿ-ಒನ್ ಪರೀಕ್ಷೆ ಪಾಸು ಮಾಡಿದೆ. ನಿಧಾನಕ್ಕೆ ಬಲೂನುಗಳು ಮಾತಾಡತೊಡಗಿದವು. ಕೂರಿಸುತ್ತ ಕೂರಿಸುತ್ತ ಅಳುತ್ತಿದ್ದೆ, ನಗುತ್ತಿದ್ದೆ. ಸಂಜೆ ಇವರು ಬಂದು ಬೂಟು ಬಿಚ್ಚುವಾಗ, ಕಥೆಯ ಗಂಡಸು ಇಷ್ಟು ಹೊತ್ತಿಗೆ ಏನಾದರೂ ಒಂದು ಮಾತು ಹೇಳಿರುತ್ತಿದ್ದನಲ್ಲ ಎಂದು ನೋಡುತ್ತ ನಿಲ್ಲುತ್ತಿದ್ದೆ. ಇವರು ಸಾರು ಯಾವುದು ಎಂದು ಕೇಳುತ್ತಿದ್ದರು. ಪಾಪ, ಇವರ ತಪ್ಪೇನಿಲ್ಲ. ಧಾರವಾಡದ ಕಡೆ ಗಂಡಸರು ಪ್ರೀತಿ ಮಾಡುವುದೇ ಸಾರಿನ ಮೂಲಕ.

ಆ ವರ್ಷ ಚಳಿಗಾಲ ಮುಗಿಯುವ ಹೊತ್ತಿಗೆ ಸಂಪಾದಕಿ ನನ್ನನ್ನು ಆಫೀಸಿಗೆ ಕರೆಸಿದರು. ಪುಟ ವಿನ್ಯಾಸ ನೋಡಿಕೊಳ್ಳುವವರು ನಿವೃತ್ತರಾಗುತ್ತಿದ್ದಾರೆ, ಆ ಜಾಗಕ್ಕೆ ನೀವು ಬರುತ್ತೀರಾ ಎಂದು ಕೇಳಿದರು. ವಾರಕ್ಕೆ ನಾಲ್ಕು ದಿನ, ಆಫೀಸಿಗೇ ಬಂದು ಮಾಡಬೇಕು, ಖಾಯಂ ನೌಕರಿ. ಮಾರ್ಚ್ ಕೊನೆಯೊಳಗೆ ತಿಳಿಸಿ ಎಂದರು. ಹೊರಡುವಾಗ ಆ ಜಾಗ ತೋರಿಸಿದರು. ಕಿಟಕಿಯ ಪಕ್ಕ ಒಂದು ಮೇಜು, ಎರಡು ಸ್ಕ್ರೀನು. ಊ-ಬಾನ್ ರೈಲು ಹತ್ತಿ ಮನೆಗೆ ಬರುವಷ್ಟರಲ್ಲಿ ಆ ಮೇಜಿನ ಮೇಲೆ ಏನೇನು ಎಲ್ಲೆಲ್ಲಿ ಇಡಬೇಕು ಎಂದು ಪೂರ್ತಿ ಯೋಚಿಸಿ ಮುಗಿಸಿದ್ದೆ. ಇವರೂ ಖುಷಿಪಟ್ಟರು. ಕೇಕ್ ತಂದರು. ಊರಿಗೆ ಫೋನ್ ಮಾಡಿ ಎಲ್ಲರಿಗೂ ಹೇಳಿದರು.

ಆ ಖುಷಿ ಒಂಬತ್ತು ದಿನ. ಹತ್ತನೆಯ ದಿನ ಇವರು ಊಟಕ್ಕೆ ಕೂತು ಫೋನನ್ನು ನನ್ನ ಕಡೆ ತಿರುಗಿಸಿದರು. ಬೊಬ್ಲಿಂಗೆನ್ನಿನ ಒಂದು ಕಾರು ಬಿಡಿಭಾಗದ ಕಂಪನಿಯಿಂದ ಆಫರ್ ಬಂದಿತ್ತು. ಇವರ ಸ್ಟಾರ್ಟಪ್ಪಿನಲ್ಲಿ ಆರು ತಿಂಗಳಿಂದ ಒಬ್ಬೊಬ್ಬರನ್ನೇ ಕಳಿಸುತ್ತಿದ್ದರು. ಇವರ ನೌಕರಿ ಹೋದರೆ ಇಬ್ಬರ ಕಾರ್ಡಿಗೂ ಸಂಚಕಾರ. ಅದು ನನಗೂ ಗೊತ್ತಿತ್ತು. ಬೊಬ್ಲಿಂಗೆನ್ ಎಂದರೆ ಇಲ್ಲಿಂದ ರೈಲಿನಲ್ಲಿ ಆರು ತಾಸು. ಇವರು ಇನ್ನೂ ಬಾಯಿ ತೆರೆದಿರಲಿಲ್ಲ, ನಾನು ಹೇಳಿಬಿಟ್ಟೆ, ಅದಕ್ಕೇನು, ನಾನು ಈ ಕೆಲಸ ಬಿಡುತ್ತೇನೆ, ಅಲ್ಲಿ ಏನಾದರೂ ಸಿಗುತ್ತದೆ ಎಂದು. ಹೇಳುವಾಗ ನಗುತ್ತಲೂ ಇದ್ದೆ. ಇವರು ನನ್ನ ಮುಖ ನೋಡಿ, ನೋಡೋಣ ಎಂದರು. ಇನ್ನೊಂದು ಚಪಾತಿ ಹಾಕಿಸಿಕೊಂಡರು.

ಆ ಚಪಾತಿಯ ಮೇಲೆ ನನಗೆ ಬಂದ ಸಿಟ್ಟು ಇಳಿಯಲೇ ಇಲ್ಲ. ಒಂದು ಮಾತು, ಬೇಡ, ನೀನು ಬಿಡಬೇಡ ಎಂದು ಒಂದು ಮಾತು ಹೇಳಲಿಲ್ಲವಲ್ಲ ಈ ಮನುಷ್ಯ. ಮರುದಿನದಿಂದ ಸಂಪಾದಕಿಗೆ ಬರುವುದಿಲ್ಲ ಎಂದು ಬರೆಯಲು ಕೂರುತ್ತಿದ್ದೆ, ಮಾನ್ಯರೇ ಎಂದು ಬರೆದು ಏಳುತ್ತಿದ್ದೆ. ಒಗೆದ ಬಟ್ಟೆಯನ್ನೇ ಮತ್ತೆ ಒಗೆದೆ. ಬೇಳೆ ಡಬ್ಬಿಗಳನ್ನೆಲ್ಲ ಇಳಿಸಿ ಒರೆಸಿ ಮತ್ತೆ ಏರಿಸಿದೆ. ಈಗ ಪಾರ್ಕಾಗಿರುವ ಹಳೆಯ ವಿಮಾನ ನಿಲ್ದಾಣದ ಬಯಲಿಗೆ ಹೋಗಿ, ಗಾಳಿಪಟ ಹಾರಿಸುವವರ ನಡುವೆ ರನ್‌ವೇಯ ಈ ತುದಿಯಿಂದ ಆ ತುದಿಗೆ ನಡೆದೆ, ಕಾಲು ಸೋತರೂ ತಲೆ ಸೋಲಲಿಲ್ಲ. ಇವರು ಏನಾಗಿದೆ ಎಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದೆ. ಏನಿಲ್ಲ ಎಂದು ಹೇಳುವಾಗ ನಾನು ಪಾತ್ರೆಯನ್ನು ಎಷ್ಟು ಜೋರಾಗಿ ಇಡುತ್ತಿದ್ದೆ ಎಂದರೆ, ಕೆಳಗಿನ ಮನೆಯ ಅಜ್ಜಿ ಬಾಗಿಲಿಗೆ ಒಂದು ಚೀಟಿ ಅಂಟಿಸಿ ಹೋದಳು.

ಆ ಹೊತ್ತಿನಲ್ಲೇ ಒಂದು ಕಥೆಯ ಕೊನೆಯ ಸಂಪುಟ ನನ್ನ ಕೈಗೆ ಬಂತು. ಅದರ ಹಿಂದಿನ ಏಳನ್ನೂ ನಾನೇ ಕೂರಿಸಿದ್ದೆ. ಕಥೆಯವಳಿಗೆ ಮೂವತ್ತನಾಲ್ಕು ವರ್ಷ, ಕಾಗದ ಪೆನ್ನು ತಯಾರಿಸುವ ಕಂಪನಿಯ ಮಾರಾಟ ವಿಭಾಗದಲ್ಲಿದ್ದಾಳೆ. ಅವನು ಅದೇ ಕಂಪನಿಯ ವಿನ್ಯಾಸಕಾರ, ಅವಳಿಗಿಂತ ಚಿಕ್ಕವನು. ಏಳು ಸಂಪುಟ ಬೇಕಾಯಿತು ಇಬ್ಬರೂ ಬಾಯಿ ಬಿಡಲು. ಕೊನೆಯದರಲ್ಲಿ ಅವಳಿಗೆ ಬಡ್ತಿ ಬರುತ್ತದೆ, ದೂರದ ಉತ್ತರದಲ್ಲಿ, ಹಿಮ ಬೀಳುವ ಊರಿನಲ್ಲಿ ಶಾಖೆಯ ಮುಖ್ಯಸ್ಥೆ. ಅಲ್ಲಿ ವಿನ್ಯಾಸ ವಿಭಾಗವೇ ಇಲ್ಲ. ನನ್ನ ಎದೆ ಹೊಡೆದುಕೊಂಡ ಸದ್ದನ್ನು ಯಾರಾದರೂ ದೊಡ್ಡ ಅಕ್ಷರದಲ್ಲಿ ಬರೆಯಬಹುದಿತ್ತು.

ನೂರಾ ಐವತ್ತೊಂದನೆಯ ಪುಟದಲ್ಲಿ ಇಬ್ಬರೂ ಸೇತುವೆಯ ಮೇಲೆ ನಿಂತಿದ್ದಾರೆ. ಬೆನ್ನು ಮಾತ್ರ ಕಾಣುತ್ತದೆ. ಬಲಕ್ಕೆ ಅವನು, ಎಡಕ್ಕೆ ಅವಳು. ಒಬ್ಬೊಬ್ಬರ ತಲೆಯ ಮೇಲೆ ಒಂದೊಂದು ಬಲೂನು, ಎರಡಕ್ಕೂ ಬಾಲವಿಲ್ಲ. ಹಸ್ತಪ್ರತಿಯಲ್ಲಿ ನಾಲ್ಕನೆಯದು ‘ನಾನು ಕೆಲಸ ಬಿಡುತ್ತೇನೆ’ ಎಂದಿತ್ತು, ಐದನೆಯದು ‘ಚೆನ್ನಾಗಿ ಯೋಚನೆ ಮಾಡಿದ್ದೀಯಾ?’ ಎಂದಿತ್ತು. ಬಲದಿಂದ ಎಡಕ್ಕೆ ಕೂರಿಸಿದರೆ ಕೆಲಸ ಬಿಡುವ ಮಾತು ಅವನ ತಲೆಯ ಮೇಲೆ ಹೋಗುತ್ತಿತ್ತು. ಅನುವಾದಕರು ಇಲ್ಲಿ ಎಡವಿದ್ದಾರೆ ಎನಿಸಿತು. ಅವನು ಯೋಚನೆ ಮಾಡಿದ್ದೀಯಾ ಎಂದು ಕೇಳುತ್ತಾನೆ, ಅವಳು ನಾನು ಕೆಲಸ ಬಿಡುತ್ತೇನೆ ಎನ್ನುತ್ತಾಳೆ, ಎಷ್ಟು ಸರಿಯಾಗಿ ಕೂರುತ್ತದೆ. ಬಡ್ತಿ ಬೇಡ ಎಂದು ಅವನ ಜೊತೆ ಉಳಿಯುತ್ತಾಳೆ. ಅವೆರಡನ್ನೂ ಅದಲು ಬದಲು ಮಾಡಿದೆ. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅನುವಾದಕರ ತಪ್ಪು ಹಿಡಿದೆನೆಂಬ ಹೆಮ್ಮೆ ಬೇರೆ. ನೂರಾ ಐವತ್ತೊಂದರಲ್ಲಿ ಕ್ರಮ ತಪ್ಪಿತ್ತು, ಸರಿ ಮಾಡಿದ್ದೇನೆ ಎಂದು ಸಂಪಾದಕಿಗೆ ಒಂದು ಟಿಪ್ಪಣಿಯನ್ನೂ ಬರೆದೆ. ಅವಳಿಗಾಗಿ ಸ್ವಲ್ಪ ಅತ್ತು, ಇಡೀ ಸಂಪುಟ ಮುಗಿಸಿ ಕಳಿಸಿದೆ.

ಶುಕ್ರವಾರ ಮಧ್ಯಾಹ್ನ ಉತ್ತರ ಬಂತು. ಹಸ್ತಪ್ರತಿ ಸರಿಯಾಗಿಯೇ ಇದೆ, ಕೆಲಸ ಬಿಡುವವನು ಅವನು, ಮುಂದಿನ ಪುಟ ನೋಡಿ ಎಂದು ಬರೆದಿದ್ದರು.

ನೋಡಿದೆ. ಮುಂದಿನ ಪುಟದಲ್ಲಿ ಅವನು ಮೇಜಿನ ಸಾಮಾನುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಪೆನ್ಸಿಲ್ಲುಗಳು, ಬಣ್ಣದ ಹಲಗೆ, ಅಳತೆ ಪಟ್ಟಿ. ಮಾರಾಟ ವಿಭಾಗದವಳಿಗೆ ಬಣ್ಣದ ಹಲಗೆ ಯಾಕೆ? ಆ ಚಿತ್ರವನ್ನು ನಾನು ಮೊದಲೇ ನೋಡಿದ್ದೆ, ಅದರ ಸದ್ದನ್ನೂ ನಾನೇ ಬರೆದಿದ್ದೆ. ಪಾಪ, ಅವಳ ಸಾಮಾನನ್ನು ತಾನೇ ತುಂಬಿಕೊಡುತ್ತಿದ್ದಾನೆ, ಎಷ್ಟು ಒಳ್ಳೆಯವನು ಎಂದುಕೊಂಡಿದ್ದೆ.

ಮೈಯೆಲ್ಲ ಬಿಸಿಯಾಯಿತು. ನಾಚಿಕೆಯೋ ಸಿಟ್ಟೋ ಗೊತ್ತಾಗಲಿಲ್ಲ. ಉರ್ದು ಗೊತ್ತಿಲ್ಲದೆ ಉರ್ದು ಕೂರಿಸಿದವಳು, ಜರ್ಮನ್ ಗೊತ್ತಿಲ್ಲದೆ ಏಳು ಸಂಪುಟ ಕೂರಿಸಿದವಳು ನಾನು. ಭಾಷೆ ಬಂದ ಮೇಲೆ, ಎಲ್ಲ ತಿಳಿಯಿತು ಎಂದುಕೊಂಡ ಮೇಲೆ, ಗಂಡಸಿನ ತಲೆಯ ಮೇಲಿದ್ದ ಮಾತನ್ನು ಕಿತ್ತು ಹೆಂಗಸಿನ ತಲೆಯ ಮೇಲೆ ಇಟ್ಟಿದ್ದೆ. ಯಾರೂ ಇಡು ಅಂದಿರಲಿಲ್ಲ. ಅದು ಅಲ್ಲಿಯೇ ಇರಬೇಕು ಎಂದು ನನಗೆ ಅಷ್ಟು ಖಾತ್ರಿಯಿತ್ತು. ಪುಟ ಸರಿ ಮಾಡಲು ಎರಡು ನಿಮಿಷ ಹಿಡಿಯಿತು. ಎದ್ದು ಹೋಗಿ ತಣ್ಣೀರಿನಲ್ಲಿ ಮುಖ ತೊಳೆದೆ, ಮತ್ತೆ ಬಂದು ಆ ಪುಟವನ್ನೇ ನೋಡಿದೆ. ಸಂಜೆಯವರೆಗೂ ಅದೇ ಆಯಿತು.

ಮರುದಿನ ಶನಿವಾರ. ಜೋಳದ ಹಿಟ್ಟು ನಾದಿ ರೊಟ್ಟಿ ತಟ್ಟುತ್ತಿದ್ದೆ. ಭಾನುವಾರ ಇಲ್ಲಿ ಸದ್ದು ಮಾಡುವಂತಿಲ್ಲ, ತಟ್ಟಿದರೆ ಕೆಳಗಿನ ಅಜ್ಜಿಯ ಚೀಟಿ ಬರುತ್ತದೆ, ಹಾಗಾಗಿ ನಮ್ಮ ಮನೆಯಲ್ಲಿ ಶನಿವಾರವೇ ರೊಟ್ಟಿ. ಇವರು ಅಡುಗೆಮನೆಯ ಮೇಜಿಗೆ ಕೂತು ಬೊಬ್ಲಿಂಗೆನ್ನಿನಲ್ಲಿ ಬಾಡಿಗೆಗಿರುವ ಮನೆಗಳನ್ನು ಫೋನಿನಲ್ಲಿ ನೋಡುತ್ತಿದ್ದರು. ಒಂದು ಮನೆಯನ್ನು ನನಗೂ ತೋರಿಸಿದರು. ಇದರ ಬಾಲ್ಕನಿ ದೊಡ್ಡದು, ನಿನಗೆ ಕೂತು ಕೆಲಸ ಮಾಡಲು ಚಲೋ ಆಗುತ್ತದೆ ಎಂದರು.

ನಾನು ತಟ್ಟುವುದನ್ನು ನಿಲ್ಲಿಸಿದೆ. ಹದಿನೈದು ದಿನದ್ದೆಲ್ಲ ಬಾಯಿಗೆ ಬಂತು. ನಾನು ಬಿಡುತ್ತೇನೆ ಎಂದಾಗ ನಿಮಗೆ ಏನೂ ಅನಿಸಲಿಲ್ಲವೇ, ಆ ಕೆಲಸ ನನಗೆ ಏನು ಎಂದು ಗೊತ್ತಿದ್ದೂ ಚಪಾತಿ ಹಾಕಿಸಿಕೊಂಡಿರಲ್ಲ ಎಂದು ಕೇಳಿದೆ. ಚಪಾತಿಯ ವಿಷಯ ಎರಡು ಸಲ ಕೇಳಿದೆ. ಇವರು ಫೋನ್ ಕೆಳಗಿಟ್ಟರು. ಇವರಿಗೂ ಸಿಟ್ಟು ಬಂದಿತ್ತು, ಆದರೆ ದನಿ ಏರಿಸಲಿಲ್ಲ.

“ನೀನ ಮೊದ್ಲ ಬಿಡ್ತೀನಿ ಅಂದಿ. ನಾ ಕೇಳಿದ್ನೇನು?”

ಕೇಳಿರಲಿಲ್ಲ. ಕೇಳಲು ನಾನು ಬಿಟ್ಟಿರಲೂ ಇಲ್ಲ. ಒಂದು ಕ್ಷಣ ನಾನು ಸೋತೆ ಎನಿಸಿತು. ಆಮೇಲೆ ಆ ಬಾಲವಿಲ್ಲದ ಎರಡು ಬಲೂನುಗಳು ನೆನಪಾಗಿ, ಕೈಯಲ್ಲಿ ಹಿಟ್ಟು ಹಾಗೇ ಇದ್ದಂತೆ ಇವರ ಎದುರು ಕೂತೆ.

“ಹಂಗಾರ ಈಗ ಕೇಳ್ರಿ.”

ಇವರಿಗೆ ತಿಳಿಯಲಿಲ್ಲ. ನೀವು ಕೇಳದೆ ನಾನು ಉತ್ತರ ಕೊಟ್ಟೆನಲ್ಲ, ಆ ಪ್ರಶ್ನೆಯನ್ನು ಈಗ ಕೇಳಿ ಎಂದು ಬಿಡಿಸಿ ಹೇಳಿದೆ. ಇದೇನು ಹುಚ್ಚಾಟ ಎಂದು ಎದ್ದರು, ಮತ್ತೆ ಕೂತರು. ಸಾವಿರ ಜನರ ಎದುರು ಕಂಪನಿಯ ಪರವಾಗಿ ಇಂಗ್ಲಿಷಿನಲ್ಲಿ ಮಾತಾಡಿ ಬಂದ ಮನುಷ್ಯನಿಗೆ ಈ ಒಂದು ವಾಕ್ಯ ಬಾಯಿಂದ ಹೊರಡಲೊಲ್ಲದು.

“ಕೆಲಸಾ ಬಿಟ್ಟು ನನ್ನ ಜೋಡಿ ಬರ್ತೀಯೇನು?”

ಕೇಳುವಾಗ ಇವರ ದನಿ ಸಣ್ಣದಾಗಿತ್ತು. ನಾನು ಏನು ಹೇಳುತ್ತೇನೋ ಎಂದು ಇವರು ಹೆದರಿದ್ದರು. ನನ್ನ ಉತ್ತರಕ್ಕೆ ಹೆದರಿದ ಇವರನ್ನು ನಾನು ಅಂದೇ ಮೊದಲು ಕಂಡದ್ದು. ಇವರ ಮೇಲೆ ನನಗೆ ಅಷ್ಟು ಪ್ರೀತಿ ಲಗ್ನದ ದಿನವೂ ಬಂದಿರಲಿಲ್ಲ. ಕೂಡಲೇ ಹೂಂ ಎನ್ನಬೇಕೆನಿಸಿತು.

“ಒಲ್ಲೆ,” ಅಂದೆ.

ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಇಬ್ಬರೂ ಏಳಲಿಲ್ಲ. ಹಾಗಾದರೆ ನಾನು ಏನು ಮಾಡಲಿ ಎಂದು ಕೊನೆಗೆ ಇವರು ಕೇಳಿದರು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿರಲಿಲ್ಲ. ಬರ್ಲಿನ್ನಿನಲ್ಲಿ ಬೇರೆ ಕೆಲಸ ಹುಡುಕಲು ಇವರಿಗೆ ವ್ಯವಧಾನವಿರಲಿಲ್ಲ, ಸ್ಟಾರ್ಟಪ್ಪು ಯಾವ ದಿನ ಬಾಗಿಲು ಹಾಕುತ್ತದೋ ಹೇಳುವಂತಿರಲಿಲ್ಲ. ಆ ದಿನ, ಅದರ ಮರುದಿನ, ಕಾರ್ಡಿನ ಅವಧಿ, ಬಾಡಿಗೆ ಮನೆ, ರೈಲಿನ ವೇಳೆ ಎಂದು ಮಾತಾಡಿದ್ದೇ ಮಾತಾಡಿದ್ದು. ಎರಡು ಸಲ ಜಗಳವಾಯಿತು. ಆದರೆ ನಾನು ಬರುವ ಮಾತನ್ನು ಇಬ್ಬರೂ ಮತ್ತೆ ಎತ್ತಲಿಲ್ಲ. ಸೋಮವಾರ ನಾನು ಪ್ರಕಾಶನಕ್ಕೆ ಹೋಗಿ ಸಹಿ ಹಾಕಿ ಬಂದೆ.

ಏಪ್ರಿಲ್ ಕೊನೆಯಲ್ಲಿ ಇವರು ಒಬ್ಬರೇ ಬೊಬ್ಲಿಂಗೆನ್ನಿಗೆ ಹೊರಟರು. ಸ್ಟೇಷನ್ನಿಗೆ ಕಳಿಸಲು ಹೋಗಿದ್ದೆ. ಎರಡು ಸೂಟ್‌ಕೇಸು, ಒಂದು ಕುಕ್ಕರು, ನಾನು ಕುಟ್ಟಿಕೊಟ್ಟ ಖಾರದಪುಡಿ. ರೈಲು ಹನ್ನೆರಡು ನಿಮಿಷ ತಡವೆಂದು ಬೋರ್ಡಿನಲ್ಲಿ ಬಂತು. ಆ ಹನ್ನೆರಡು ನಿಮಿಷ ನನಗೆ ಮುಗಿಯಲೇ ಇಲ್ಲ. ಈ ಮನುಷ್ಯ ಒಬ್ಬನೇ ಹೋಗಿ ಅನ್ನಕ್ಕೆ ನೀರು ಎಷ್ಟು ಹಾಕುತ್ತಾನೋ ಎಂದು ನೆನೆದು ಅಲ್ಲೇ ಅತ್ತುಬಿಟ್ಟೆ. ಇವರು ನನ್ನ ಕೈ ಹಿಡಿದುಕೊಂಡು ನಿಂತಿದ್ದರು. ಆಗ ಇನ್ನೊಮ್ಮೆ ಕೇಳಿದ್ದರೆ ಹೂಂ ಎಂದು, ಉಟ್ಟ ಬಟ್ಟೆಯಲ್ಲೇ ಹತ್ತಿಬಿಡುತ್ತಿದ್ದೆ. ಅದು ಇವರಿಗೂ ಗೊತ್ತಿತ್ತು, ನನ್ನ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು.

ರೈಲು ಬಂತು. ಇವರು ಕೇಳಲಿಲ್ಲ.